ಬೆಸುಗೆಯೊಳಗಿನ ಬಿರುಕು: ಒತ್ತಡದ ಪಾತ್ರೆಗಳ ದಣಿವು ವಿನ್ಯಾಸ ರೇಖೆಗಳು ಬೆಳೆದುಬಂದ ದಾರಿ

ಬಾಯ್ಲರಿನ ಡ್ರಮ್ಮು, ಅಣುಸ್ಥಾವರದ ರಿಯಾಕ್ಟರ್ ಪಾತ್ರೆ, ಪೆಟ್ರೋಲಿಯಂ ಸಂಸ್ಕರಣಾಗಾರದ ಗೋಪುರ, ಕಂಪ್ರೆಸರಿನ ಪಕ್ಕದಲ್ಲಿ ನಿಲ್ಲುವ ಗಾಳಿಯ ತೊಟ್ಟಿ ಇವೆಲ್ಲವೂ ಒಳಗಿನ ಅನಿಲದ ಅಥವಾ ದ್ರವದ ಒತ್ತಡವನ್ನು ಹೊರಲೆಂದು ಉಕ್ಕಿನ ಪ್ಲೇಟುಗಳನ್ನು ಬಾಗಿಸಿ, ಬೆಸೆದು ಮಾಡಿದ ಪಾತ್ರೆಗಳು. ತಾಳಲಾರದ ಒತ್ತಡಕ್ಕೆ ಇವು ಒಮ್ಮೆಗೇ ಸಿಡಿಯುವುದು ಎಷ್ಟು ನಿಜವೋ, ತಾಳಬಲ್ಲ ಒತ್ತಡದಲ್ಲಿಯೇ ಸಾವಿರಾರು ಸಲ ತುಂಬಿ ಬರಿದಾಗುತ್ತ ಕೂದಲೆಳೆಯಷ್ಟು ಬಿರುಕನ್ನು ಗೋಡೆಯ ಆಚೆಗೆ ತಲುಪುವವರೆಗೆ ಬೆಳೆಸಿಕೊಳ್ಳುವುದೂ ಅಷ್ಟೇ ನಿಜ. ಈ ಎರಡನೆಯ ಬಗೆಯ ಹಾನಿಗೆ ಲೋಹದ ದಣಿವು, ಎಂಜಿನಿಯರರ ಮಾತಿನಲ್ಲಿ ಫಟೀಗ್, ಎಂದು ಹೆಸರು. ಯಾವ ಪ್ರಮಾಣದ ಏರಿಳಿತವನ್ನು ಒಂದು ಪಾತ್ರೆ ಎಷ್ಟು ಸಲ ತಾಳೀತು ಎಂಬುದನ್ನು ಹೇಳುವ ನಕ್ಷೆಯೇ ದಣಿವಿನ ವಿನ್ಯಾಸ ರೇಖೆ. ಅದರ ಲಂಬ ಅಕ್ಷದಲ್ಲಿ ಪೀಡನ, ಅಂದರೆ ಲೋಹದ ಅಡ್ಡಕೊಯ್ತದ ಒಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಬಲ, ಇರುತ್ತದೆ. ಅಡ್ಡ ಅಕ್ಷದಲ್ಲಿ ಆ ಪೀಡನ ಏರಿ ಇಳಿಯುವ ಆವರ್ತಗಳ ಸಂಖ್ಯೆ ಇರುತ್ತದೆ. ಎರಡನ್ನೂ ಲಾಗರಿದಂ ಅಳತೆಯಲ್ಲಿ ಗುರುತಿಸುವುದು ವಾಡಿಕೆ. ಪರೀಕ್ಷೆಯಲ್ಲಿ ಮುರಿದ ತುಂಡುಗಳ ಚುಕ್ಕೆಗಳು ಈ ನಕ್ಷೆಯ ಮೇಲೆ ಚದುರಿ ಬೀಳುತ್ತವೆ, ವಿನ್ಯಾಸ ರೇಖೆಯನ್ನು ಅವುಗಳ ಕೆಳಗೆ, ಎಚ್ಚರಿಕೆಯ ಅಂತರ ಬಿಟ್ಟು ಎಳೆಯಲಾಗುತ್ತದೆ. ಕೇಳಲು ಸರಳವೆನಿಸುವ ಈ ಕೆಲಸದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ವಾದವೆಲ್ಲ ರೇಖೆಯನ್ನು ಎಷ್ಟು ಕೆಳಗೆ ಎಳೆಯಬೇಕು ಎಂಬುದಕ್ಕಿಂತ ಹೆಚ್ಚಾಗಿ ಯಾವ ತುಂಡನ್ನು ಮುರಿದು ಎಳೆಯಬೇಕು ಎಂಬುದರ ಸುತ್ತಲೇ ಸುತ್ತಿದೆ.

ದಣಿವಿನ ಅಧ್ಯಯನ ಹುಟ್ಟಿದ್ದು ಪಾತ್ರೆಗಳಿಂದಲ್ಲ, ಗಣಿಯ ಸರಪಳಿಗಳಿಂದ ಮತ್ತು ರೈಲಿನ ಅಚ್ಚುಗಳಿಂದ. ಜರ್ಮನಿಯ ಕ್ಲಾಸ್ತಾಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1829ರ ವೇಳೆಗೆ ಕಬ್ಬಿಣದ ಸರಪಳಿಗಳಿಗೆ ಮತ್ತೆ ಮತ್ತೆ ಭಾರ ಹೇರಿ ಪರೀಕ್ಷಿಸಿದ್ದ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್ ಬಳಿ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಪ್ರಯಾಣಿಕರು ಸತ್ತ ಮೇಲೆ, ಮೆದು ಕಬ್ಬಿಣವೂ ಬಾಗದೆ ಬಳುಕದೆ ಏಕೆ ಥಟ್ಟನೆ ತುಂಡಾಗುತ್ತದೆ ಎಂಬ ಪ್ರಶ್ನೆ ಯೂರೋಪಿನ ಎಂಜಿನಿಯರರನ್ನು ಹಿಡಿದು ಕೂತಿತು. ಪ್ರಷ್ಯದ ರೈಲ್ವೆಯಲ್ಲಿದ್ದ ಆಗಸ್ಟ್ ವ್ಯೋಲರ್ 1850ರ ದಶಕದಿಂದ 1870ರವರೆಗೆ ನಡೆಸಿದ ಪರೀಕ್ಷೆಗಳು ಇದಕ್ಕೆ ಉತ್ತರ ಕೊಟ್ಟವು: ಮುರಿತವನ್ನು ನಿರ್ಧರಿಸುವುದು ಪೀಡನದ ಗರಿಷ್ಠ ಮಟ್ಟಕ್ಕಿಂತ ಹೆಚ್ಚಾಗಿ ಅದರ ಏರಿಳಿತದ ವ್ಯಾಪ್ತಿ, ಮತ್ತು ಒಂದು ಮಟ್ಟದ ಕೆಳಗೆ ಉಕ್ಕು ಎಷ್ಟು ಆವರ್ತಗಳನ್ನಾದರೂ ತಾಳುವಂತೆ ತೋರುತ್ತದೆ. ಆ ಮಟ್ಟಕ್ಕೆ ಸಹನಾಮಿತಿ ಎನ್ನುತ್ತಾರೆ. ಇಂದಿಗೂ ಈ ನಕ್ಷೆಗಳಿಗೆ ವ್ಯೋಲರ್ ರೇಖೆಗಳೆಂಬ ಹೆಸರಿದೆ. 1910ರಲ್ಲಿ ಬಾಸ್ಕ್ವಿನ್ ಎಂಬಾತ, ಲಾಗರಿದಂ ಅಳತೆಯಲ್ಲಿ ಗುರುತಿಸಿದರೆ ಈ ಬಿಂದುಗಳು ಸರಿಸುಮಾರು ನೇರ ಗೆರೆಯಲ್ಲಿ ನಿಲ್ಲುತ್ತವೆಂದು ತೋರಿಸಿದ.

ಬಾಯ್ಲರುಗಳ ಲೋಕ ಇದಾವುದನ್ನೂ ಬಹುಕಾಲ ತನ್ನ ಸಮಸ್ಯೆಯೆಂದು ಎಣಿಸಲಿಲ್ಲ. 1905ರಲ್ಲಿ ಮ್ಯಾಸಚೂಸೆಟ್ಸಿನ ಬ್ರಾಕ್ಟನ್ ಊರಿನ ಬೂಟು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತ ಬಳಿಕ ಆ ರಾಜ್ಯ ಬಾಯ್ಲರ್ ನಿಯಮಗಳನ್ನು ತಂದಿತು; ಅದರ ಜಾಡಿನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರರ ಸಂಘವಾದ ಎಎಸ್‌ಎಂಇ ತನ್ನ ಮೊದಲ ಬಾಯ್ಲರ್ ಸಂಹಿತೆಯನ್ನು ರೂಪಿಸಿತು. ಉಕ್ಕಿನ ಕರ್ಷಣ ಬಲದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನ ಪೀಡನ ಗೋಡೆಯಲ್ಲಿ ಹುಟ್ಟಬಾರದು ಎಂಬುದು ಅದರ ಬುನಾದಿ. ಅಷ್ಟು ದಪ್ಪದ ಗೋಡೆಯ, ರಿವೆಟ್ ಹೊಡೆದ, ದಿನಕ್ಕೊಮ್ಮೆಯೂ ಆರದ ಬಾಯ್ಲರಿಗೆ ದಣಿವಿನ ಲೆಕ್ಕ ಬೇಕಾಗಿರಲಿಲ್ಲ ಎಂಬುದು ಸರಿಯೇ. ಆದರೆ 1930ರ ದಶಕದ ಆರಂಭದಲ್ಲಿ ಕರಗಿಸಿ ಬೆಸೆಯುವ ವಿಧಾನಕ್ಕೆ ಸಂಹಿತೆಯಲ್ಲಿ ಒಪ್ಪಿಗೆ ದೊರೆತು ರಿವೆಟ್ಟು ಹಿಂದೆ ಸರಿಯಿತು, ಆಮೇಲೆ ಐದರ ಅಂಶ ನಾಲ್ಕಕ್ಕೆ ಇಳಿಯಿತು, ಗೋಡೆಗಳು ತೆಳುವಾದವು. ಹಳೆಯ ದಪ್ಪದಲ್ಲಿ ಯಾರಿಗೂ ಕಾಣದಂತೆ ಅಡಗಿದ್ದ ಔದಾರ್ಯ ಹೀಗೆ ಒಂದೊಂದೇ ಮಿಲಿಮೀಟರಿನಂತೆ ಕರಗಿತು.

ದಣಿವಿನ ಲೆಕ್ಕವನ್ನು ಪಾತ್ರೆಗಳ ವಿನ್ಯಾಸಕ್ಕೆ ತಂದದ್ದು ಅಣುಶಕ್ತಿ. ರಿಯಾಕ್ಟರ್ ಪಾತ್ರೆ ತನ್ನ ಬಾಳಿನಲ್ಲಿ ಕೆಲವು ನೂರು ಅಥವಾ ಕೆಲವು ಸಾವಿರ ಸಲ ಮಾತ್ರ ಕಾದು ತಣಿಯುತ್ತದೆ. ಆದರೆ ಪ್ರತಿಸಲವೂ ದಪ್ಪ ಗೋಡೆಯ ಒಳಮೈಗೂ ಹೊರಮೈಗೂ ನಡುವೆ ಹುಟ್ಟುವ ತಾಪಮಾನದ ಅಂತರ ನಾಝಲ್ಲಿನ, ಅಂದರೆ ಪಾತ್ರೆಗೆ ಕೊಳವೆ ಸೇರುವ ಬಾಯಿಯ, ಮೂಲೆಗಳಲ್ಲಿ ಲೋಹವನ್ನು ಮಣಿಯುವ ಮಟ್ಟದಾಚೆಗೆ, ಅಂದರೆ ಮೊದಲಿನ ಆಕಾರಕ್ಕೆ ಮರಳಲಾರದಷ್ಟು ಆಚೆಗೆ, ತಳ್ಳಬಲ್ಲದು. ಲಕ್ಷಗಟ್ಟಲೆ ಸುತ್ತುವ ರೈಲಿನ ಅಚ್ಚಿನ ಗಣಿತ ಇಲ್ಲಿ ಕೆಲಸಕ್ಕೆ ಬಾರದು. ಅಮೆರಿಕದ ನೋಲ್ಸ್ ಅಣುಶಕ್ತಿ ಪ್ರಯೋಗಾಲಯದ ಕಾಫಿನ್ ಮತ್ತು ಕ್ಲೀವ್‌ಲ್ಯಾಂಡಿನ ಲೂಯಿಸ್ ಪ್ರಯೋಗಾಲಯದ ಮ್ಯಾನ್ಸನ್ 1954ರ ಸುಮಾರಿಗೆ ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ತೀರ್ಮಾನಕ್ಕೆ ಬಂದರು: ಕಡಿಮೆ ಆವರ್ತಗಳ ದಣಿವಿನಲ್ಲಿ ಆಯುಸ್ಸನ್ನು ನಿರ್ಧರಿಸುವುದು ಪೀಡನವಲ್ಲ, ಲೋಹ ಮರಳಿ ಬರಲಾರದಂತೆ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ ವಿಕೃತಿ. ಹತ್ತಿಪ್ಪತ್ತು ಆವರ್ತಗಳಿಗೇ ಮುರಿಯುವಂಥ ಸ್ಥಿತಿಯಿಂದ ಹಿಡಿದು ಸಹನಾಮಿತಿಯವರೆಗೆ ಒಂದೇ ರೇಖೆಯಲ್ಲಿ ಹೇಳುವ ದಾರಿ ಇದರಿಂದ ತೆರೆಯಿತು.

ಆ ರೇಖೆಯನ್ನು ವಿನ್ಯಾಸಕಾರರ ಕೈಗೆ ಕೊಟ್ಟವನು ವೆಸ್ಟಿಂಗ್‌ಹೌಸಿನ ಬರ್ನಾರ್ಡ್ ಲ್ಯಾಂಗರ್. ನಯವಾಗಿ ಉಜ್ಜಿ ಹೊಳಪು ಕೊಟ್ಟ ಸಣ್ಣ ಉಕ್ಕಿನ ಕಡ್ಡಿಗಳನ್ನು ನಿಯಂತ್ರಿತ ವಿಕೃತಿಯಲ್ಲಿ ಹಿಗ್ಗಿಸಿ ಕುಗ್ಗಿಸಿ ಪಡೆದ ಫಲಿತಾಂಶಗಳನ್ನು ಆತ ಒಂದೇ ಸೂತ್ರಕ್ಕೆ ಒಗ್ಗಿಸಿದ. ಅದರ ಒಂದು ಪದ ಕಡ್ಡಿ ಮುರಿಯುವ ಮುನ್ನ ಎಷ್ಟು ಸೊರಗುತ್ತದೆ ಎಂಬ ಅಳತೆಯನ್ನು ಆಧರಿಸಿದ್ದರೆ ಮತ್ತೊಂದು ಪದ ಸಹನಾಮಿತಿಯನ್ನು ಆಧರಿಸಿದೆ. ವಿನ್ಯಾಸಕಾರರು ಪೀಡನದಲ್ಲಿ ಲೆಕ್ಕ ಹಾಕುವವರಾದ್ದರಿಂದ, ಅಳೆದ ವಿಕೃತಿಯನ್ನು ಯಂಗ್ ಮಾಪಾಂಕದಿಂದ, ಅಂದರೆ ಲೋಹದಲ್ಲಿ ಪೀಡನಕ್ಕೂ ವಿಕೃತಿಗೂ ಇರುವ ಸ್ಥಿರ ಅನುಪಾತದಿಂದ, ಗುಣಿಸಿ ಅದನ್ನು ಪೀಡನವೆಂದೇ ಕರೆಯಲಾಯಿತು. ಹೀಗಾಗಿಯೇ ಎಎಸ್‌ಎಂಇ ರೇಖೆಯ ಎಡತುದಿಯಲ್ಲಿ, ಹತ್ತು ಆವರ್ತಗಳಿಗೆ, ಯಾವ ಸಾಮಾನ್ಯ ಉಕ್ಕೂ ನಿಜವಾಗಿ ಹೊರಲಾರದ ಸುಮಾರು 4000 ಮೆಗಾಪಾಸ್ಕಲ್ಲಿನ ಪೀಡನ ಕಾಣಿಸುತ್ತದೆ. ಅದು ಪೀಡನದ ವೇಷದಲ್ಲಿರುವ ವಿಕೃತಿ. 1958ರಲ್ಲಿ ಅಮೆರಿಕದ ನೌಕಾಪಡೆಯ ರಿಯಾಕ್ಟರುಗಳಿಗಾಗಿ ಹೊರಬಂದ ತಾತ್ಕಾಲಿಕ ವಿನ್ಯಾಸ ಆಧಾರವೂ, 1963ರಲ್ಲಿ ಬಂದ ಎಎಸ್‌ಎಂಇ ಸಂಹಿತೆಯ ಮೂರನೆಯ ವಿಭಾಗವೂ, 1968ರ ಎಂಟನೆಯ ವಿಭಾಗದ ಎರಡನೆಯ ಭಾಗವೂ ಈ ಬಗೆಯ ರೇಖೆಗಳ ಮೇಲೆಯೇ ನಿಂತವು. ಮೊದಲನೆಯದು ಜಲಾಂತರ್ಗಾಮಿಗಳಿಗಾದರೆ ಎರಡನೆಯದು ಅಣುಸ್ಥಾವರದ ಪಾತ್ರೆಗಳಿಗೆ, ಮೂರನೆಯದು ರಾಸಾಯನಿಕ ಕಾರ್ಖಾನೆಗಳ ಪಾತ್ರೆಗಳಿಗೆ.

ಹೊಳಪಿನ ಕಡ್ಡಿಗಳ ಸರಾಸರಿ ರೇಖೆಯಿಂದ ವಿನ್ಯಾಸ ರೇಖೆಗೆ ಇಳಿಯಲು ಲ್ಯಾಂಗರ್ ಮತ್ತು ಅವನ ಸಹೋದ್ಯೋಗಿಗಳು ಎರಡು ಸಂಖ್ಯೆಗಳನ್ನು ಆರಿಸಿದರು: ಪೀಡನವನ್ನು 2ರಿಂದ ಭಾಗಿಸುವುದು, ಆವರ್ತಗಳನ್ನು 20ರಿಂದ ಭಾಗಿಸುವುದು, ಎರಡರಲ್ಲಿ ಯಾವುದು ಕೆಳಗೆ ಬರುತ್ತದೆಯೋ ಅದನ್ನು ಹಿಡಿಯುವುದು. ಈ ಇಪ್ಪತ್ತನ್ನು ಅನೇಕರು ಸುರಕ್ಷತೆಯ ಅಂಶವೆಂದು ತಿಳಿಯುತ್ತಾರೆ. ಅದು ಹಾಗಲ್ಲ. ಅದರೊಳಗೆ ಪರೀಕ್ಷಾ ಬಿಂದುಗಳ ಚದುರುವಿಕೆಗೆ 2, ಸಣ್ಣ ಕಡ್ಡಿಗೂ ದೊಡ್ಡ ಪಾತ್ರೆಗೂ ಇರುವ ಗಾತ್ರದ ಅಂತರಕ್ಕೆ 2.5, ಮೇಲ್ಮೈಯ ಒರಟುತನ ಹಾಗೂ ಕಾರ್ಖಾನೆಯ ವಾತಾವರಣ ಮುಂತಾದವಕ್ಕೆ 4 ಸೇರಿದ್ದು, ಮೂರರ ಗುಣಲಬ್ಧವೇ 20. ಅಂದರೆ ಅದು ಪ್ರಯೋಗಾಲಯದ ಕಡ್ಡಿಯನ್ನು ನಿಜವಾದ ಪಾತ್ರೆಯ ಮಟ್ಟಕ್ಕೆ ಇಳಿಸುವ ತಿದ್ದುಪಡಿಯೇ ಹೊರತು, ಅಲ್ಲಿಂದಾಚೆಗೆ ಉಳಿಸಿಟ್ಟ ಹೆಚ್ಚುವರಿಯಲ್ಲ. ಚದುರುವಿಕೆ, ಗಾತ್ರ, ಒರಟುತನಗಳ ಕೆಟ್ಟ ಮುಖ ಒಟ್ಟಿಗೆ ಬಂದಲ್ಲಿ ಉಳಿಯುವುದು ಬಹಳ ಕಡಿಮೆ.

ಈ ವ್ಯವಸ್ಥೆಯಲ್ಲಿ ಬೆಸುಗೆಗೆ ದೊರೆತ ಸ್ಥಾನ ಸಣ್ಣದು. ಬೆಸುಗೆಯಿರುವಲ್ಲಿ ಲೆಕ್ಕ ಹಾಕಿದ ಪೀಡನವನ್ನು ದಣಿವುಬಲ ತಗ್ಗಿಸುವ ಒಂದು ಅಂಶದಿಂದ ಗುಣಿಸಿ, ಬಳಿಕ ಅದೇ ನಯಗಡ್ಡಿಯ ರೇಖೆಯನ್ನು ಓದುವುದು ರೂಢಿಯಾಯಿತು. ಪೂರ್ತಿ ಒಳನುಗ್ಗಿ ಬೆಸೆದು, ಉಜ್ಜಿ ಸಮ ಮಾಡಿ, ಎಕ್ಸ್‌ರೇ ತಪಾಸಣೆಯಲ್ಲಿ ಗೆದ್ದ ಬೆಸುಗೆಗೆ ಈ ಅಂಶ 1. ಎರಡು ಪ್ಲೇಟುಗಳ ಮೂಲೆಯನ್ನು ಮುಕ್ಕೋನವಾಗಿ ತುಂಬಿದ ಫಿಲೆಟ್ ಬೆಸುಗೆಗೆ ಬಹುಮಟ್ಟಿಗೆ 4. ನಾಲ್ಕು ಎಂಬ ಸಂಖ್ಯೆಯ ಹಿಂದೆ ಅನುಭವವಿತ್ತು, ಒಂದಿಷ್ಟು ಪರೀಕ್ಷೆಯೂ ಇತ್ತು, ಆದರೆ ಇವೆರಡರ ನಡುವಣ ನೂರಾರು ಬಗೆಯ ಜೋಡಣೆಗಳಿಗೆ ಯಾವ ಸಂಖ್ಯೆ ಎಂಬುದು ಬಹುಕಾಲ ವಿನ್ಯಾಸಕಾರನ ವಿವೇಚನೆಗೆ ಬಿಟ್ಟ ಮಾತಾಗಿತ್ತು. ಅಣುಸ್ಥಾವರದ ಪಾತ್ರೆಗಳಲ್ಲಿ ಇದರಿಂದ ದೊಡ್ಡ ತೊಡಕಾಗಲಿಲ್ಲ, ಏಕೆಂದರೆ ಅಲ್ಲಿ ಪ್ರತಿ ಬೆಸುಗೆಯನ್ನೂ ಉಜ್ಜಿ, ಅಳೆದು, ಒಳಗನ್ನು ನೋಡಿ ಒಪ್ಪಿಕೊಳ್ಳುವ ಖರ್ಚನ್ನು ಯಾರಾದರೂ ಭರಿಸುತ್ತಿದ್ದರು. ಸಾಮಾನ್ಯ ಕಾರ್ಖಾನೆಯಲ್ಲಿ ಬೆಸುಗೆಯನ್ನು ಹಾಕಿದ ಹಾಗೆಯೇ ಬಿಡುತ್ತಾರೆ.

ಹಾಗೆ ಬಿಟ್ಟ ಬೆಸುಗೆಯನ್ನು ಹತ್ತಿರದಿಂದ ನೋಡಿದರೆ ನಯಗಡ್ಡಿಯ ಉಪಮೆ ಎಲ್ಲಿ ಹರಿಯುತ್ತದೆ ಎಂಬುದು ಕಾಣುತ್ತದೆ. ಕರಗಿ ಹೆಪ್ಪುಗಟ್ಟಿದ ಬೆಸುಗೆಯ ದಿಂಡು ಮೂಲ ಪ್ಲೇಟನ್ನು ಸೇರುವ ಗೆರೆಗೆ ವೆಲ್ಡರುಗಳು ಟೋ ಎನ್ನುತ್ತಾರೆ; ಬೆಸುಗೆಯ ಕಾಲ್ಬೆರಳಿದ್ದಂತೆ. ಅಲ್ಲಿ ಮೇಲ್ಮೈ ಹಠಾತ್ತನೆ ತಿರುಗುವುದರಿಂದ ಪೀಡನ ಒಂದೆಡೆ ಗುಡ್ಡೆಯಾಗುತ್ತದೆ. ಇಷ್ಟೇ ಆಗಿದ್ದರೆ ಅದನ್ನು ಒಂದು ಅಂಶದಿಂದ ಗುಣಿಸಿ ಸುಮ್ಮನಿರಬಹುದಿತ್ತು. ಆದರೆ ಸಿಗ್ನೆಸ್, ಬೇಕರ್, ಹ್ಯಾರಿಸನ್ ಮತ್ತು ಬರ್ಡೆಕಿನ್ ಎಂಬ ಸಂಶೋಧಕರು 1967ರಲ್ಲಿ ಪ್ರಕಟಿಸಿದ ಅಧ್ಯಯನ, ಟೋ ಗೆರೆಯ ಉದ್ದಕ್ಕೂ ಕಿಟ್ಟದ (ಸ್ಲ್ಯಾಗ್) ತೆಳು ಎಳೆಗಳು ಲೋಹದೊಳಗೆ ಚೂಪಾಗಿ ಇಳಿದಿರುತ್ತವೆ ಎಂಬುದನ್ನು ತೋರಿಸಿತು. ಅವುಗಳ ಆಳ ಮಿಲಿಮೀಟರಿನ ಹತ್ತನೆಯ ಒಂದರಿಂದ ನಾಲ್ಕು ಭಾಗಗಳಷ್ಟು, ಬರಿಗಣ್ಣಿಗೆ ಕಾಣದ್ದು, ಸಾಮಾನ್ಯ ತಪಾಸಣೆಗೆ ಸಿಗದ್ದು. ಲೋಹಕ್ಕೆ ಮಾತ್ರ ಅವು ಬಿರುಕುಗಳೇ. ನಯಗಡ್ಡಿಯ ಆಯುಸ್ಸಿನ ಬಹುಪಾಲು ಬಿರುಕು ಹುಟ್ಟುವುದರಲ್ಲಿ ಕಳೆಯುತ್ತದೆ, ಬೆಸುಗೆಯಲ್ಲಿ ಆ ಅಧ್ಯಾಯವೇ ಇಲ್ಲ. ಅದು ಬಿರುಕಿನೊಂದಿಗೇ ಹುಟ್ಟುತ್ತದೆ, ಅದರ ಆಯುಸ್ಸೆಲ್ಲ ಆ ಬಿರುಕು ಬೆಳೆಯುವ ಆಯುಸ್ಸು.

ಇದರಿಂದ ಎರಡು ಪರಿಣಾಮಗಳು ಹೊರಡುತ್ತವೆ. ಎರಡೂ ಹಳೆಯ ನಂಬಿಕೆಗೆ ಎದುರಾಗಿ ನಿಂತವು. ಗಟ್ಟಿಯಾದ ಉಕ್ಕಿನಲ್ಲಿ ಬಿರುಕು ಹುಟ್ಟುವುದು ತಡವಾಗುತ್ತದೆ ನಿಜ, ಆದರೆ ಹುಟ್ಟಿದ ಬಿರುಕು ಬೆಳೆಯುವ ವೇಗ ಮೆದು ಉಕ್ಕಿನಲ್ಲೂ ಗಟ್ಟಿ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಹೆಚ್ಚು ಬಲದ ದುಬಾರಿ ಉಕ್ಕನ್ನು ತಂದರೂ ಬೆಸೆದ ಜೋಡಣೆಯ ದಣಿವುಬಲ ಏರುವುದಿಲ್ಲ. ಎಎಸ್‌ಎಂಇ ನಯಗಡ್ಡಿಯ ರೇಖೆಗಳು ಉಕ್ಕಿನ ಬಲಕ್ಕೆ ತಕ್ಕಂತೆ ಬೇರೆ ಬೇರೆಯಾಗಿರುವುದೂ, ಬೆಸುಗೆಯ ರೇಖೆಗಳು ಎಲ್ಲ ಉಕ್ಕಿಗೂ ಒಂದೇ ಆಗಿರುವುದೂ ಈ ಕಾರಣಕ್ಕೆ. ಇನ್ನೊಂದು ಪರಿಣಾಮ ಶೇಷ ಪೀಡನದ್ದು. ಕರಗಿದ ಬೆಸುಗೆ ಆರುವಾಗ ಕುಗ್ಗಲು ಹೊರಟು, ಸುತ್ತಲಿನ ತಣ್ಣಗಿನ ಪ್ಲೇಟು ಬಿಡದಿದ್ದಾಗ, ಹೊರಗಿನಿಂದ ಯಾವ ಭಾರವೂ ಇಲ್ಲದೆ ಆ ಪ್ರದೇಶ ಮಣಿಯುವ ಮಟ್ಟದವರೆಗೆ ಎಳೆತದಲ್ಲಿ ನಿಲ್ಲುತ್ತದೆ. ಪಾತ್ರೆಯ ಒತ್ತಡ ಸೊನ್ನೆಯಿಂದ ಏರಲಿ, ಅರ್ಧದಿಂದ ಏರಲಿ, ಟೋ ಬಳಿಯ ಲೋಹಕ್ಕೆ ಗೊತ್ತಾಗುವುದು ಮಣಿಯುವ ಮಟ್ಟದಿಂದ ಕೆಳಮುಖವಾಗಿ ಆಗುವ ಏರಿಳಿತದ ವ್ಯಾಪ್ತಿ ಮಾತ್ರ. ಸರಾಸರಿ ಪೀಡನ ಎಷ್ಟೆಂದು ಕೇಳುವ ಅಗತ್ಯವೇ ಅಲ್ಲಿ ಬೀಳುವುದಿಲ್ಲ.

ಕೇಂಬ್ರಿಜ್ ಬಳಿಯ ಅಬಿಂಗ್ಟನ್ನಿನಲ್ಲಿದ್ದ ಬ್ರಿಟಿಷ್ ಬೆಸುಗೆ ಸಂಶೋಧನಾ ಸಂಸ್ಥೆಯಲ್ಲಿ ಟಿ. ಆರ್. ಗರ್ನಿ ದಶಕಗಳ ಕಾಲ ಮಾಡಿದ್ದು ಈ ತಿಳಿವಳಿಕೆಗೆ ತಕ್ಕ ಕೆಲಸ: ಬೆಸೆದ ತುಂಡುಗಳನ್ನೇ ಮುರಿಯುವುದು. ಬೆಸುಗೆಯ ಆಕಾರ, ಕಿಟ್ಟದ ಎಳೆ, ಶೇಷ ಪೀಡನ ಎಲ್ಲವೂ ತುಂಡಿನಲ್ಲೇ ಇರುವುದರಿಂದ, ಅವುಗಳಿಗಾಗಿ ಬೇರೆ ಅಂಶಗಳನ್ನು ಊಹಿಸಬೇಕಾದ್ದಿಲ್ಲ. 1968ರಲ್ಲಿ ಬೆಸೆದ ರಚನೆಗಳ ದಣಿವನ್ನು ಕುರಿತ ಅವರ ಗ್ರಂಥ ಬಂತು. 1973ರಲ್ಲಿ ಅವರು ಎಸ್. ಜೆ. ಮ್ಯಾಡಾಕ್ಸ್ ಜೊತೆ ಅದುವರೆಗಿನ ದತ್ತಾಂಶವನ್ನೆಲ್ಲ ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಹಾಕಿ ಮರುವಿಶ್ಲೇಷಿಸಿದರು. ಅದೇ ಕಾಲಕ್ಕೆ ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ಜಾನ್ ಫಿಷರ್ ಮತ್ತು ಸಂಗಡಿಗರು ಸೇತುವೆಯ ಬೆಸೆದ ತೊಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿ 1970 ಮತ್ತು 1974ರ ವರದಿಗಳಲ್ಲಿ ಅದೇ ಮಾತಿಗೆ ಬಂದಿದ್ದರು: ಮುಖ್ಯವಾದದ್ದು ಪೀಡನದ ವ್ಯಾಪ್ತಿ ಮತ್ತು ಜೋಡಣೆಯ ಬಗೆ, ಉಕ್ಕಿನ ದರ್ಜೆ ಲೆಕ್ಕಕ್ಕಿಲ್ಲ. ಹೀಗೆ ಜೋಡಣೆಗಳನ್ನು ವರ್ಗಗಳಾಗಿ ವಿಂಗಡಿಸುವ ಪದ್ಧತಿ ನೆಲೆಗೊಂಡಿತು. 1980ರ ಬ್ರಿಟಿಷ್ ಸೇತುವೆ ಸಂಹಿತೆಯಲ್ಲಿ ಬಿ, ಸಿ, ಡಿ, ಇ, ಎಫ್, ಎಫ್2, ಜಿ ಮತ್ತು ಡಬ್ಲ್ಯು ಎಂಬ ವರ್ಗಗಳಿವೆ. ಎರಡೂ ಬದಿಯಿಂದ ಚೆನ್ನಾಗಿ ಬೆಸೆದ ಅಡ್ಡ ಹೊಲಿಗೆ ಡಿ ವರ್ಗಕ್ಕೆ, ಪ್ಲೇಟಿನ ಮೇಲೆ ಕೂರಿಸಿ ಫಿಲೆಟ್ ಹಾಕಿದ ತುಂಡಿನ ಟೋ ಎಫ್ ವರ್ಗಕ್ಕೆ, ಫಿಲೆಟ್ಟಿನ ಗಂಟಲೊಳಗಿನ ಬಿರುಕು ಎಲ್ಲಕ್ಕಿಂತ ಕೆಳಗಿನ ಡಬ್ಲ್ಯು ವರ್ಗಕ್ಕೆ ಸೇರುತ್ತದೆ.

ಡಿಯಿಂದ ಡಬ್ಲ್ಯುವರೆಗಿನ ರೇಖೆಗಳೆಲ್ಲ ಒಂದಕ್ಕೊಂದು ಸಮಾಂತರ, ಅವೆಲ್ಲದರ ಇಳಿಜಾರೂ 3. ಪೀಡನ ವ್ಯಾಪ್ತಿಯ ಘನವನ್ನು ಆವರ್ತಗಳಿಂದ ಗುಣಿಸಿದರೆ ಬರುವ ಸಂಖ್ಯೆ ಒಂದು ವರ್ಗಕ್ಕೆ ಸ್ಥಿರ ಎಂಬುದು ಇದರ ಅರ್ಥ. ಪೀಡನವನ್ನು ಅರ್ಧಕ್ಕಿಳಿಸಿದರೆ ಆಯುಸ್ಸು ಎಂಟು ಪಟ್ಟಾಗುತ್ತದೆ. ಈ ಮೂರು ಆಕಸ್ಮಿಕವಲ್ಲ. 1963ರಲ್ಲಿ ಪ್ಯಾರಿಸ್ ಮತ್ತು ಎರ್ಡೋಗನ್ ಎಂಬಿಬ್ಬರು ಸಂಶೋಧಕರು ಬಿರುಕಿನ ತುದಿಯ ಪೀಡನ ತೀವ್ರತೆಗೂ ಅದು ಪ್ರತಿ ಆವರ್ತದಲ್ಲಿ ಬೆಳೆಯುವ ಉದ್ದಕ್ಕೂ ಘಾತ ಸಂಬಂಧವಿದೆ ಎಂದು ತೋರಿಸಿದ್ದರು. ಉಕ್ಕಿನಲ್ಲಿ ಆ ಘಾತ ಸುಮಾರು 3. ಆ ನಿಯಮವನ್ನು ಟೋ ಬಳಿಯ ಸಣ್ಣ ಬಿರುಕಿನಿಂದ ಗೋಡೆಯ ದಪ್ಪದವರೆಗೆ ಕೂಡಿಸುತ್ತ ಹೋದರೆ ಸಿಗುವುದು ಗರ್ನಿಯ ರೇಖೆಯೇ. ಒಬ್ಬರು ತುಂಡುಗಳನ್ನು ಮುರಿದು, ಇನ್ನೊಬ್ಬರು ಬಿರುಕಿನ ಗಣಿತದಿಂದ ಒಂದೇ ಇಳಿಜಾರಿಗೆ ಬಂದು ತಲುಪಿದ್ದು ಈ ಕ್ಷೇತ್ರದ ಅತ್ಯಂತ ಸಮಾಧಾನಕರ ಘಟನೆ ಎನ್ನಬಹುದು.

ಎರಡು ಪರಂಪರೆಗಳ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಅವುಗಳ ಭಿನ್ನತೆ ಕಣ್ಣಿಗೆ ಬೀಳುತ್ತದೆ. ಸಾಧಾರಣ ಬಲದ ಇಂಗಾಲ ಉಕ್ಕಿಗೆ ಎಎಸ್‌ಎಂಇಯ ಮೂಲ ರೇಖೆ ಹತ್ತು ಸಾವಿರ ಆವರ್ತಗಳಿಗೆ ಸುಮಾರು 262 ಮೆಗಾಪಾಸ್ಕಲ್ ಅರ್ಧವ್ಯಾಪ್ತಿಯನ್ನು, ಅಂದರೆ 524ರ ಪೂರ್ಣ ವ್ಯಾಪ್ತಿಯನ್ನು ಕೊಡುತ್ತದೆ. ಎಫ್ ವರ್ಗದ ಬೆಸುಗೆಗೆ ಬ್ರಿಟಿಷ್ ವಿನ್ಯಾಸ ರೇಖೆ ಅಷ್ಟೇ ಆವರ್ತಗಳಿಗೆ 398ರ ವ್ಯಾಪ್ತಿಯನ್ನು ಕೊಡುತ್ತದೆ. ಅನುಪಾತ 1.3. ಹತ್ತು ಲಕ್ಷ ಆವರ್ತಗಳಲ್ಲಿ ಮೊದಲನೆಯದು 172, ಎರಡನೆಯದು 86, ಅನುಪಾತ 2. ಒಂದು ರೇಖೆ ಬಲಗಡೆ ಮಟ್ಟಸವಾಗುತ್ತ ಹೋದರೆ ಇನ್ನೊಂದು ನೆಟ್ಟಗೆ ಇಳಿಯುತ್ತದೆ. ಹೀಗಿರುವಾಗ ಎಲ್ಲ ಆವರ್ತಗಳಿಗೂ ಹೊಂದುವ ಒಂದೇ ಅಂಶದಿಂದ ನಯಗಡ್ಡಿಯನ್ನು ಬೆಸುಗೆಯಾಗಿಸಲು ಸಾಧ್ಯವಿಲ್ಲ. ಹತ್ತು ಸಾವಿರಕ್ಕೆ ಸರಿಹೊಂದಿಸಿದ ಅಂಶ ಹತ್ತು ಲಕ್ಷಕ್ಕೆ ಅಪಾಯಕರ, ಹತ್ತು ಲಕ್ಷಕ್ಕೆ ಹೊಂದಿಸಿದ್ದು ಹತ್ತು ಸಾವಿರದಲ್ಲಿ ಉಕ್ಕಿನ ದುಂದು.

ಹ್ಯಾರಿಸನ್ ಮತ್ತು ಮ್ಯಾಡಾಕ್ಸ್ 1980ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪಾತ್ರೆಗಳ ದಣಿವು ನಿಯಮಗಳನ್ನು ವಿಮರ್ಶಿಸಿ, ಸೇತುವೆಗಳಿಗೆ ಒಪ್ಪಿದ ಬೆಸುಗೆ ವರ್ಗಗಳು ಪಾತ್ರೆಗಳಿಗೆ ಏಕೆ ಬೇಡ ಎಂಬ ಪ್ರಶ್ನೆಯನ್ನು ಎತ್ತಿದರು. 1976ರಲ್ಲಿ ಮೊದಲು ಬಂದ ಬ್ರಿಟಿಷ್ ಪಾತ್ರೆ ಸಂಹಿತೆ ಬಿಎಸ್ 5500 ಆಗ ಅಮೆರಿಕದ ಜಾಡನ್ನೇ ಹಿಡಿದಿತ್ತು. ಅದರ ದಣಿವಿನ ಅನುಬಂಧ 1990ರ ದಶಕದ ಹೊತ್ತಿಗೆ ಬೆಸುಗೆ ವರ್ಗಗಳ ರೇಖೆಗಳಿಗೆ ಹೊರಳಿತು. ಸರಾಸರಿಗಿಂತ ಎರಡು ಮಾನಕ ವಿಚಲನೆ ಕೆಳಗೆ, ಅಂದರೆ ನೂರರಲ್ಲಿ ಸುಮಾರು 98 ಜೋಡಣೆಗಳು ಬದುಕುವ ಮಟ್ಟದಲ್ಲಿ, ಆ ರೇಖೆಗಳನ್ನು ಎಳೆಯಲಾಗಿದೆ. 2002ರಲ್ಲಿ ಪ್ರಕಟವಾದ ಯೂರೋಪಿನ ಇಎನ್ 13445 ಇದೇ ಹಾದಿಯಲ್ಲಿ ಮುಂದೆ ಹೋಗಿ, ಅಂತರರಾಷ್ಟ್ರೀಯ ಬೆಸುಗೆ ಸಂಸ್ಥೆ ರೂಢಿಗೆ ತಂದ ಹೆಸರಿಡುವ ಕ್ರಮವನ್ನು ಬಳಸಿತು. ಅಕ್ಷರಗಳ ಬದಲು ಅಲ್ಲಿ ಸಂಖ್ಯೆಗಳಿವೆ: 71ರ ವರ್ಗವೆಂದರೆ 20 ಲಕ್ಷ ಆವರ್ತಗಳನ್ನು 71 ಮೆಗಾಪಾಸ್ಕಲ್ ವ್ಯಾಪ್ತಿಯಲ್ಲಿ ತಾಳುವ ಜೋಡಣೆ. ಎಫ್ ವರ್ಗಕ್ಕೆ ಇದೇ ಲೆಕ್ಕ ಹಾಕಿದರೆ 68 ಬರುತ್ತದೆ. ಪೂರ್ಣ ಒತ್ತಡದ 500 ಆವರ್ತಗಳವರೆಗೆ ದಣಿವಿನ ಲೆಕ್ಕವೇ ಬೇಡ ಎಂಬ ವಿನಾಯಿತಿಯಲ್ಲೂ ಆ ಸಂಹಿತೆ ಘನ ನಿಯಮವನ್ನೇ ನೆಚ್ಚಿದೆ. ಒತ್ತಡ ಅರ್ಧದಷ್ಟೇ ಏರಿಳಿದರೆ ಅಂಥ ಎಂಟು ಏರಿಳಿತಗಳು ಕೂಡಿ ಒಂದು ಪೂರ್ಣ ಆವರ್ತಕ್ಕೆ ಸಮ.

ವರ್ಗದ ಪದ್ಧತಿ ಸೇತುವೆಯಲ್ಲಿ ಸಲೀಸಾಗಿ ನಡೆದಂತೆ ಪಾತ್ರೆಯಲ್ಲಿ ನಡೆಯಲಿಲ್ಲ, ಏಕೆಂದರೆ ಪಾತ್ರೆಯಲ್ಲಿ ಪೀಡನ ಎಂದರೆ ಯಾವ ಪೀಡನ ಎಂಬುದೇ ವಿವಾದ. ತೊಲೆಯಲ್ಲಿ ಅದನ್ನು ಒಂದು ಸಾಲಿನ ಸೂತ್ರದಿಂದ ಪಡೆಯಬಹುದು. ನಾಝಲ್ಲು ಪಾತ್ರೆಯ ಚಿಪ್ಪನ್ನು, ಅಂದರೆ ಗೋಡೆಯನ್ನು, ಸೇರುವ ಜಾಗದಲ್ಲಿ ಅದು ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ. ಕಂಪ್ಯೂಟರಿನ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಪಾತ್ರೆಯನ್ನು ಸಣ್ಣ ಸಣ್ಣ ಚೌಕಗಳ ಬಲೆಯಾಗಿ ಕತ್ತರಿಸಿ ಲೆಕ್ಕ ಹಾಕಿದರೆ, ಟೋ ಗೆರೆಯ ಚೂಪು ಮೂಲೆಯಲ್ಲಿ ಬಲೆ ನವುರಾದಷ್ಟೂ ಪೀಡನ ಏರುತ್ತಲೇ ಹೋಗುತ್ತದೆ. ಇಬ್ಬರು ವಿಶ್ಲೇಷಕರು ಒಂದೇ ನಾಝಲ್ಲಿಗೆ ಎರಡು ಉತ್ತರ ಕೊಡುತ್ತಾರೆ, ಇಬ್ಬರದೂ ಅಂಕಗಣಿತ ಸರಿ. ಕಡಲ ತೈಲ ವೇದಿಕೆಗಳ ಕೊಳವೆ ಜೋಡಣೆಗಳಿಗಾಗಿ ಬೆಳೆದ ಹಾಟ್‌ಸ್ಪಾಟ್ ವಿಧಾನ ಇದಕ್ಕೆ ಒಂದು ಪರಿಹಾರ. ಟೋ ಗೆರೆಯಿಂದ ಪ್ಲೇಟಿನ ದಪ್ಪದ 0.4 ಪಟ್ಟು ಮತ್ತು 1 ಪಟ್ಟು ದೂರದಲ್ಲಿ ಪೀಡನವನ್ನು ಓದಿ, ಆ ಎರಡು ಬಿಂದುಗಳ ಗೆರೆಯನ್ನು ಟೋ ವರೆಗೆ ನೀಡುವುದು, ಮೂಲೆಯ ಕೃತಕ ಏರಿಕೆಯನ್ನು ಕೈಬಿಡುವುದು. ಹಾಗೆ ಪಡೆದ ಪೀಡನಕ್ಕೆ ಹತ್ತಾರು ವರ್ಗಗಳ ಬದಲು 90 ಮತ್ತು 100ರ ಎರಡೇ ವರ್ಗಗಳು ಬಹುಮಟ್ಟಿಗೆ ಸಾಕು. ಜರ್ಮನಿಯಲ್ಲಿ ರಾಡಾಯ್ ಬೆಳೆಸಿದ ಇನ್ನೊಂದು ವಿಧಾನ ಮೂಲೆಯನ್ನು ಬಿಡುವ ಬದಲು ಅದನ್ನು 1 ಮಿಲಿಮೀಟರ್ ತ್ರಿಜ್ಯದ ಕಾಲ್ಪನಿಕ ದುಂಡಿಗೆ ಇಳಿಸಿ, ಉಕ್ಕಿಗೆ 225ರ ಒಂದೇ ವರ್ಗವನ್ನು ಬಳಸುತ್ತದೆ.

ಅಮೆರಿಕದ ಸಂಹಿತೆಯೂ ಕೊನೆಗೆ ಬೆಸುಗೆಯ ತುಂಡುಗಳತ್ತ ತಿರುಗಿತು, ಆದರೆ ತನ್ನದೇ ದಾರಿಯಲ್ಲಿ. ಬಟೆಲ್ ಸಂಸ್ಥೆಯಲ್ಲಿ ಪಿಂಗ್‌ಶಾ ಡಾಂಗ್ 2000ದ ನಂತರದ ವರ್ಷಗಳಲ್ಲಿ ರೂಪಿಸಿದ ವಿಧಾನ ಪೀಡನವನ್ನು ಮೇಲ್ಮೈಯ ಬಿಂದುಗಳಲ್ಲಿ ಓದುವುದಿಲ್ಲ. ಟೋ ಗೆರೆಯಲ್ಲಿ ಗೋಡೆಯನ್ನು ದಪ್ಪದುದ್ದಕ್ಕೂ ಕೊಯ್ದಂತೆ ಭಾವಿಸಿ, ಆ ಕೊಯ್ತವನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ ಮತ್ತು ಬಾಗುವಿಕೆಯನ್ನು ಬಲೆಯ ಗಂಟುಗಳಿಂದ ಪಡೆಯುತ್ತದೆ. ಸಮತೋಲನದಿಂದ ಬಂದ ಈ ಸಂಖ್ಯೆಗೆ ಬಲೆಯ ನವುರಿನ ಹಂಗು ಕಡಿಮೆ. ಅದನ್ನು ಗೋಡೆಯ ದಪ್ಪ ಮತ್ತು ಬಾಗುವಿಕೆಯ ಪಾಲಿಗೆ ತಕ್ಕಂತೆ ಬಿರುಕು ಬೆಳವಣಿಗೆಯ ಗಣಿತದಿಂದ ತಿದ್ದಿದಾಗ, ಬೇರೆ ಬೇರೆ ಆಕಾರದ, ಬೇರೆ ಬೇರೆ ದಪ್ಪದ ಜೋಡಣೆಗಳ ಚುಕ್ಕೆಗಳು ಒಂದೇ ಪಟ್ಟಿಯೊಳಗೆ ಸೇರುತ್ತವೆ. ಅದಕ್ಕೇ ಮಾಸ್ಟರ್ ರೇಖೆ ಎಂಬ ಹೆಸರು. 2007ರಲ್ಲಿ ಹೊಸದಾಗಿ ಬರೆದ ಎಂಟನೆಯ ವಿಭಾಗದ ಎರಡನೆಯ ಭಾಗ ಇದನ್ನು ಸ್ವೀಕರಿಸಿತು, ಆದರೆ ಲ್ಯಾಂಗರನ ನಯಗಡ್ಡಿಯ ರೇಖೆಯನ್ನು ತೆಗೆಯಲಿಲ್ಲ. ಬೆಸುಗೆಯ ತಪಾಸಣೆ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ತಕ್ಕಂತೆ 1ರಿಂದ 4ರವರೆಗಿನ ಅಂಶಗಳ ಕೋಷ್ಟಕವನ್ನು ಅದಕ್ಕೆ ಜೋಡಿಸಿತು. ಒಂದೇ ಪುಸ್ತಕದಲ್ಲಿ ಎರಡು ತತ್ವಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ, ಮತ್ತು ಒಂದೇ ಬೆಸುಗೆಗೆ ಎರಡೂ ಒಂದೇ ಆಯುಸ್ಸನ್ನು ಹೇಳುತ್ತವೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ರೇಖೆ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಹಾಕುವ ಪೀಡನ ಕಾರ್ಖಾನೆಯ ನೆಲದಲ್ಲಿ ನಿರ್ಧಾರವಾಗುತ್ತದೆ. ಅಡ್ಡ ಹೊಲಿಗೆಯಲ್ಲಿ ಎರಡು ಪ್ಲೇಟುಗಳು ದಪ್ಪದ ಹತ್ತನೆಯ ಒಂದು ಭಾಗದಷ್ಟು ಏರುಪೇರಾಗಿ ಕೂತರೆ ಹುಟ್ಟುವ ಬಾಗುವಿಕೆಯಿಂದ ಪೀಡನ 1.3 ಪಟ್ಟಾಗುತ್ತದೆ, ಘನ ನಿಯಮದಂತೆ ಆಯುಸ್ಸು ಅರ್ಧಕ್ಕೂ ಕಡಿಮೆಯಾಗುತ್ತದೆ. ಪ್ಲೇಟಿನ ಅಂಚು ಸರಿಯಾಗಿ ಬಾಗದೆ ಉದ್ದ ಹೊಲಿಗೆಯ ಬಳಿ ಚಿಪ್ಪು ಮನೆಯ ಸೂರಿನಂತೆ ತುಸು ಎದ್ದಿದ್ದರೂ ಹಾಗೆಯೇ. ದಪ್ಪ ಹೆಚ್ಚಾದಂತೆ ದಣಿವುಬಲ ತಗ್ಗುತ್ತದೆಂಬುದನ್ನು ಗರ್ನಿ ತೋರಿಸಿದ ಬಳಿಕ, ಸುಮಾರು 25 ಮಿಲಿಮೀಟರಿಗಿಂತ ದಪ್ಪದ ಗೋಡೆಗಳಿಗೆ, ಆ 25ಕ್ಕೂ ಗೋಡೆಯ ದಪ್ಪಕ್ಕೂ ಇರುವ ಅನುಪಾತದ ನಾಲ್ಕನೆಯ ಮೂಲದಂತೆ ಕಡಿತ ಮಾಡುವ ನಿಯಮ ಬಂತು. ಟೋ ಗೆರೆಯನ್ನು ಉಜ್ಜಿ ಕಿಟ್ಟದ ಎಳೆಗಳನ್ನು ತೆಗೆಯುವ, ಬಡಿದು ಅಲ್ಲಿಯ ಎಳೆತವನ್ನು ಅದುಮಾಗಿಸುವ ಚಿಕಿತ್ಸೆಗಳೂ ಇವೆ.

ಪರಿಸರದ ಪ್ರಶ್ನೆ ತಡವಾಗಿ ಎದ್ದಿತು. ಇಪ್ಪತ್ತರೊಳಗಿನ ನಾಲ್ಕರಲ್ಲಿ ಸೇರಿದ್ದ ವಾತಾವರಣ ಕಾರ್ಖಾನೆಯ ಗಾಳಿಯೇ ಹೊರತು ರಿಯಾಕ್ಟರಿನ ಬಿಸಿನೀರಲ್ಲ. ಜಪಾನಿನಲ್ಲಿ ಹಿಗುಚಿ ಮತ್ತು ಈಡಾ, ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಚೋಪ್ರಾ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಗಳು, ನೀರಿನ ತಾಪ, ಅದರಲ್ಲಿ ಕರಗಿದ ಆಮ್ಲಜನಕ, ವಿಕೃತಿಯ ನಿಧಾನಗತಿ ಮತ್ತು ಉಕ್ಕಿನ ಗಂಧಕ ಒಟ್ಟಿಗೆ ಪ್ರತಿಕೂಲವಾದಾಗ ಆಯುಸ್ಸು ಹತ್ತು ಪಟ್ಟಿಗೂ ಹೆಚ್ಚು ಕುಸಿಯಬಹುದೆಂದು ತೋರಿಸಿದವು. 2007ರ ಆರ್ಗಾನ್ ವರದಿ ಗಾಳಿಯ ಆಯುಸ್ಸನ್ನು ನೀರಿನ ಆಯುಸ್ಸಿನಿಂದ ಭಾಗಿಸಿದ ಒಂದು ಪರಿಸರ ಅಂಶವನ್ನು ಮುಂದಿಟ್ಟು, ಜೊತೆಗೆ ದತ್ತಾಂಶವನ್ನು ಮತ್ತೆ ಶೋಧಿಸಿ ಹಳೆಯ 20ಕ್ಕೆ ಬದಲಾಗಿ 12 ಸಾಕೆಂದಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ತುಸು ಮರಳಿಸಿದಂತಾಯಿತು.

ಭಾರತದಲ್ಲಿ 1969ರ ಐಎಸ್ 2825 ಬೆಂಕಿ ತಾಗದ ಒತ್ತಡದ ಪಾತ್ರೆಗಳ ಸಂಹಿತೆಯಾಗಿದ್ದರೂ, ದೊಡ್ಡ ತಯಾರಕರು ಬಹುಮಟ್ಟಿಗೆ ಎಎಸ್‌ಎಂಇ ನಿಯಮಗಳಂತೆಯೇ ಕೆಲಸ ಮಾಡುತ್ತಾರೆ. ಹಾಗಾಗಿ ಎರಡು ಪರಂಪರೆಗಳ ಅಂತರ ಇಲ್ಲಿ ಹೆಚ್ಚಾಗಿ ಎದುರಾಗುವುದು ಯೂರೋಪಿನ ಗ್ರಾಹಕರಿಗೆ ಪಾತ್ರೆ ಮಾಡಿಕೊಡುವಾಗ, ಇಲ್ಲವೇ ಆವರ್ತಗಳು ವಿಪರೀತವಾಗಿರುವ ಘಟಕಗಳಲ್ಲಿ. ಸಂಸ್ಕರಣಾಗಾರಗಳಲ್ಲಿ ಹೈಡ್ರೋಜನ್ನನ್ನು ಶುದ್ಧ ಮಾಡುವ ಪಾತ್ರೆಗಳು ಅಂಥವು: ಒತ್ತಡ ಏರಿದಾಗ ಬೆರಕೆ ಅನಿಲಗಳನ್ನು ಹೀರಿ, ಇಳಿದಾಗ ಬಿಟ್ಟುಕೊಡುವ ಹರಳುಗಳು ಅವುಗಳಲ್ಲಿ ತುಂಬಿರುತ್ತವೆ. ಹತ್ತು ನಿಮಿಷಕ್ಕೊಂದು ಆವರ್ತವಾದರೂ ವರ್ಷಕ್ಕೆ 52,560, ಇಪ್ಪತ್ತು ವರ್ಷಕ್ಕೆ ಹತ್ತೂವರೆ ಲಕ್ಷ. ಎರಡು ರೇಖೆಗಳ ನಡುವಣ ಅನುಪಾತ 2ಕ್ಕೆ ಮುಟ್ಟುವ ಜಾಗ ಸರಿಯಾಗಿ ಅದೇ.

ಹೈಡ್ರೋಜನ್ನಿನ ವಿಷಯದಲ್ಲಿ ರೇಖೆಗಳ ಈ ಕಥೆಗೆ ಇನ್ನೊಂದು ತಿರುವಿದೆ. ಹೆಚ್ಚಿನ ಒತ್ತಡದ ಹೈಡ್ರೋಜನ್ ಅನಿಲದಲ್ಲಿ ಉಕ್ಕಿನ ಬಿರುಕು ಗಾಳಿಯಲ್ಲಿ ಬೆಳೆಯುವುದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ವೇಗವಾಗಿ ಬೆಳೆಯಬಲ್ಲದು, ಮತ್ತು ಗಾಳಿಯಲ್ಲಿ ಮುರಿದ ಬೆಸುಗೆ ತುಂಡುಗಳ ದೊಡ್ಡ ಭಂಡಾರಕ್ಕೆ ಸಮನಾದ ಹೈಡ್ರೋಜನ್ ಭಂಡಾರ ಎಲ್ಲಿಯೂ ಇಲ್ಲ. ಹೀಗಾಗಿ ಅತಿ ಒತ್ತಡದ ಪಾತ್ರೆಗಳಿಗಿರುವ ಎಎಸ್‌ಎಂಇ ಎಂಟನೆಯ ವಿಭಾಗದ ಮೂರನೆಯ ಭಾಗ, ಹೈಡ್ರೋಜನ್ ಪಾತ್ರೆಗಳಿಗೆಂದು ಸೇರಿಸಿದ ತನ್ನ ಕೆಡಿ-10 ಪ್ರಕರಣದಲ್ಲಿ ವಿನ್ಯಾಸ ರೇಖೆಯನ್ನು ಬದಿಗಿಟ್ಟಿದೆ. ತಪಾಸಣೆಗೆ ಸಿಗದೆ ಉಳಿದಿರಬಹುದಾದಷ್ಟು ದೊಡ್ಡ ಬಿರುಕೊಂದು ಮೊದಲ ದಿನದಿಂದಲೇ ಗೋಡೆಯಲ್ಲಿದೆ ಎಂದಿಟ್ಟುಕೊಂಡು, ಹೈಡ್ರೋಜನ್ನಿನಲ್ಲೇ ಅಳೆದ ವೇಗದಿಂದ ಅದು ಎಷ್ಟು ಆವರ್ತಗಳಲ್ಲಿ ಅಪಾಯದ ಆಳಕ್ಕೆ ಇಳಿಯುತ್ತದೆ ಎಂಬುದನ್ನು ವಿನ್ಯಾಸಕಾರ ಒಂದೊಂದು ಹೆಜ್ಜೆಯಾಗಿ ಲೆಕ್ಕ ಹಾಕಬೇಕು. ಬೆಸುಗೆಯ ಟೋ ಗೆರೆಯಲ್ಲಿ 1967ರಲ್ಲಿ ಕಂಡ ಕಿಟ್ಟದ ಎಳೆ ಇಲ್ಲಿ ನಕ್ಷೆಯ ಹಿಂದೆ ಅಡಗದೆ ಲೆಕ್ಕದ ಮೊದಲ ಸಾಲಾಗಿ ಬಂದು ನಿಂತಿದೆ.